ನಾಲ್ಕು ಕೋಟಿ ಅಂಕಿಯ ಅವಿಭಾಜ್ಯ ಸಂಖ್ಯೆ: ಅದು ಅವಿಭಾಜ್ಯ ಅಂತ ಗೊತ್ತಾಗಿದ್ದು ಹೇಗೆ?

2024ರ ಅಕ್ಟೋಬರ್ 21ರಂದು ಒಂದು ಹೊಸ ಸಂಖ್ಯೆಯ ಸುದ್ದಿ ಬಂತು. 13,62,79,841 ಎರಡುಗಳನ್ನು ಸಾಲಾಗಿ ಇಟ್ಟು ಒಂದಕ್ಕೊಂದು ಗುಣಿಸಿ, ಬಂದ ಉತ್ತರದಲ್ಲಿ ಒಂದು ಕಳೆದರೆ ಸಿಗುವ ಸಂಖ್ಯೆ ಅದು. ಗಣಿತದಲ್ಲಿ ಬರೆಯುವ ರೀತಿ: 2¹³⁶²⁷⁹⁸⁴¹ − 1. ಅದರಲ್ಲಿ 4,10,24,320 ಅಂಕಿಗಳಿವೆ. ಅದು ಅವಿಭಾಜ್ಯ. ಅಂದರೆ ಒಂದು ಮತ್ತು ಅದೇ ಸಂಖ್ಯೆಯನ್ನು ಬಿಟ್ಟರೆ ಬೇರೆ ಯಾವುದೂ ಅದನ್ನು ಶೇಷವಿಲ್ಲದೆ ಭಾಗಿಸುವುದಿಲ್ಲ. ಇದಕ್ಕೂ ಮೊದಲು ದಾಖಲೆ 2018ರ ಡಿಸೆಂಬರ್‌ನಲ್ಲಿ ಸಿಕ್ಕ 2⁸²⁵⁸⁹⁹³³ − 1 ಎಂಬ ಸಂಖ್ಯೆಯ ಹೆಸರಿನಲ್ಲಿತ್ತು. ಅದರಲ್ಲಿದ್ದದ್ದು 2,48,62,048 ಅಂಕಿ. ಆರು ವರ್ಷದ ನಂತರ ಬಂದ ಹೊಸದು ಅದಕ್ಕಿಂತ 1 ಕೋಟಿ 61 ಲಕ್ಷ ಅಂಕಿ ಉದ್ದ.

ಸುದ್ದಿ ಬಂದಾಗ ಎರಡು ಮಾತು ಜಾಸ್ತಿ ಓಡಾಡಿದವು. ಒಂದು, ಎಷ್ಟು ದೊಡ್ಡ ಸಂಖ್ಯೆ ನೋಡಿ ಅನ್ನುವುದು. ಇನ್ನೊಂದು, ಇದರಿಂದ ಬ್ಯಾಂಕಿನ ಪಾಸ್‌ವರ್ಡ್, ಗುಪ್ತ ಸಂದೇಶ ಎಲ್ಲ ಇನ್ನಷ್ಟು ಭದ್ರವಾಗುತ್ತದೆ ಅನ್ನುವುದು. ಎರಡನೆಯದು ಸರಿಯಲ್ಲ, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲನೆಯದು ನಿಜವೇ, ಆದರೆ ಅದರಲ್ಲಿ ವಿಷಯದ ತಿರುಳು ಸಿಗುವುದಿಲ್ಲ.

ಯಾಕೆ ಅಂತೀರಾ? ಅವಿಭಾಜ್ಯ ಸಂಖ್ಯೆಗಳಿಗೆ ಕೊನೆ ಇಲ್ಲ ಅಂತ ಯೂಕ್ಲಿಡ್ ಸುಮಾರು 2,300 ವರ್ಷಗಳ ಹಿಂದೆಯೇ ತೋರಿಸಿದ್ದಾನೆ. ಅಷ್ಟೇ ಅಲ್ಲ, ಅವು ಎಷ್ಟು ದಟ್ಟವಾಗಿ ಹರಡಿಕೊಂಡಿವೆ ಅನ್ನುವುದೂ ಗೊತ್ತಿದೆ. ಸುಮಾರು 4 ಕೋಟಿ 10 ಲಕ್ಷ ಅಂಕಿ ಇರುವ ಸಂಖ್ಯೆಗಳ ನಡುವೆ ಸರಾಸರಿ 9 ಕೋಟಿ 45 ಲಕ್ಷಕ್ಕೆ ಒಂದರಂತೆ ಅವಿಭಾಜ್ಯಗಳಿವೆ. ಅಂಥ ಸಂಖ್ಯೆಗಳು ಒಟ್ಟು ಎಷ್ಟಿವೆ ಅಂತ ಯೋಚಿಸಿದರೆ, ಅವುಗಳಲ್ಲಿನ ಅವಿಭಾಜ್ಯಗಳನ್ನು ಎಣಿಸಿ ಮುಗಿಸುವುದು ಅಸಾಧ್ಯ. ಇಷ್ಟು ದೊಡ್ಡ ಅವಿಭಾಜ್ಯ ಅಪರೂಪದ ವಸ್ತುವೇನಲ್ಲ. ಅಪರೂಪ ಇರುವುದು ಬೇರೆ ಕಡೆ: ಅವುಗಳಲ್ಲಿ ಒಂದನ್ನು ಬೆರಳಿಟ್ಟು ತೋರಿಸಿ, 'ಇದು ಅವಿಭಾಜ್ಯ, ಅನುಮಾನವೇ ಇಲ್ಲ' ಅಂತ ಹೇಳುವುದರಲ್ಲಿ.

ಯಾವ ವಿಶೇಷ ರೂಪವೂ ಇಲ್ಲದ ಒಂದು ಸಂಖ್ಯೆಯನ್ನು ತಂದು ಕೊಟ್ಟು, ಇದು ಅವಿಭಾಜ್ಯವೇ ಅಂತ ಸಾಬೀತು ಮಾಡಿ ಅಂದರೆ ಇವತ್ತಿನ ಒಳ್ಳೆಯ ವಿಧಾನಗಳೂ ಒಂದು ಲಕ್ಷ ಅಂಕಿಯ ಆಸುಪಾಸಿನಲ್ಲಿ ಸುಸ್ತಾಗುತ್ತವೆ. ಒಂದು ಲಕ್ಷ ಎಲ್ಲಿ, ನಾಲ್ಕು ಕೋಟಿ ಎಲ್ಲಿ! ಹಾಗಿದ್ದರೆ ಈ ಸಂಖ್ಯೆಯ ಬಗ್ಗೆ ಮಾತ್ರ ಇಷ್ಟು ಧೈರ್ಯವಾಗಿ ಹೇಳಲು ಸಾಧ್ಯವಾಗಿದ್ದು ಹೇಗೆ? ಉತ್ತರ ಅದರ ಆಕಾರದಲ್ಲಿದೆ.

ಬರೀ ಒಂದುಗಳ ಸಾಲು

ಕಂಪ್ಯೂಟರ್ ಬಳಸುವ ದ್ವಿಮಾನ ಪದ್ಧತಿಯಲ್ಲಿ, ಅಂದರೆ ಸೊನ್ನೆ ಮತ್ತು ಒಂದು ಮಾತ್ರ ಇರುವ ಪದ್ಧತಿಯಲ್ಲಿ, ಈ ಸಂಖ್ಯೆಯನ್ನು ಬರೆದರೆ 13,62,79,841 ಒಂದುಗಳು ಸಾಲಾಗಿ ಬರುತ್ತವೆ. ಮಧ್ಯದಲ್ಲಿ ಒಂದೇ ಒಂದು ಸೊನ್ನೆಯೂ ಇಲ್ಲ. 3 ಅಂದರೆ 11, 7 ಅಂದರೆ 111, 31 ಅಂದರೆ 11111. ಇದೇ ಸಂಸಾರಕ್ಕೆ ಸೇರಿದ ಸಂಖ್ಯೆ ಇದು. ಇಂಥವನ್ನು ಮರ್ಸೆನ್ ಸಂಖ್ಯೆಗಳು ಅನ್ನುತ್ತಾರೆ. ಮರಿನ್ ಮರ್ಸೆನ್ ಫ್ರಾನ್ಸಿನ ಪಾದ್ರಿ. ಯಾವ ಯಾವ ಘಾತಕ್ಕೆ, ಅಂದರೆ ಎಷ್ಟು ಎರಡುಗಳನ್ನು ಗುಣಿಸಿದಾಗ, ಇಂಥ ಸಂಖ್ಯೆ ಅವಿಭಾಜ್ಯವಾಗುತ್ತದೆ ಅಂತ 1644ರಲ್ಲಿ 257ರವರೆಗಿನ ಒಂದು ಪಟ್ಟಿ ಕೊಟ್ಟ. ಅದರಲ್ಲಿ ತಪ್ಪುಗಳಿದ್ದವು: 67 ಮತ್ತು 257 ಸೇರಬಾರದಿತ್ತು, 61, 89 ಮತ್ತು 107 ಬಿಟ್ಟುಹೋಗಿದ್ದವು. ಪಟ್ಟಿಯನ್ನು ಪೂರ್ತಿ ತಿದ್ದಿ ಮುಗಿಸಲು ಸುಮಾರು ಮುನ್ನೂರು ವರ್ಷ ಹಿಡಿಯಿತು.

ಒಂದುಗಳ ಸಾಲಿನ ಮೊದಲ ಗುಣ ನೋಡೋಣ. ಸಾಲಿನ ಉದ್ದವನ್ನು ಸಮವಾಗಿ ಭಾಗ ಮಾಡಲು ಬಂದರೆ ಸಂಖ್ಯೆಯೂ ಒಡೆಯುತ್ತದೆ. ಆರು ಒಂದುಗಳನ್ನು ತೆಗೆದುಕೊಳ್ಳಿ: 111111. ಇದು 63. ಇದನ್ನು 111 ಮತ್ತು 111 ಅಂತ ಎರಡು ತುಂಡು ಮಾಡಬಹುದು, ಅಲ್ವಾ? ಹಾಗಾಗಿ ಅದು 111 × 1001. ನಮ್ಮ ಲೆಕ್ಕದಲ್ಲಿ 7 × 9. ಉದ್ದ 15 ಇದ್ದರೆ ಮೂರರ ತುಂಡೂ ಆಗುತ್ತದೆ, ಐದರ ತುಂಡೂ ಆಗುತ್ತದೆ. ಆಗ 7 ಮತ್ತು 31 ಎರಡೂ ಅದನ್ನು ಭಾಗಿಸುತ್ತವೆ. ಅಂದಮೇಲೆ ಒಂದುಗಳ ಸಾಲು ಅವಿಭಾಜ್ಯ ಆಗಬೇಕಾದರೆ ಸಾಲಿನ ಉದ್ದವೂ ಅವಿಭಾಜ್ಯವೇ ಆಗಿರಬೇಕು. 13,62,79,841 ಅಂಥದ್ದೇ.

ಆದರೆ ಉದ್ದ ಅವಿಭಾಜ್ಯವಾದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಹನ್ನೊಂದು ಒಂದುಗಳ ಸಾಲು 2047. ಅದು 23 × 89. ಈ ಎರಡು ಅಪವರ್ತನಗಳನ್ನು ಸ್ವಲ್ಪ ಹತ್ತಿರದಿಂದ ನೋಡಿ. 23 ಅಂದರೆ 22ಕ್ಕೆ ಒಂದು ಕೂಡಿಸಿದ್ದು, 89 ಅಂದರೆ 88ಕ್ಕೆ ಒಂದು ಕೂಡಿಸಿದ್ದು. 22 ಮತ್ತು 88 ಎರಡೂ 11ರ ದುಪ್ಪಟ್ಟಿನ ಗುಣಕಗಳು. ಇದು ಕಾಕತಾಳೀಯ ಅಲ್ಲ. ಘಾತ ಬೆಸ ಅವಿಭಾಜ್ಯವಾಗಿರುವ ಯಾವುದೇ ಮರ್ಸೆನ್ ಸಂಖ್ಯೆಯ ಅಪವರ್ತನ ಇದೇ ರೂಪದಲ್ಲಿರಬೇಕು: ಘಾತದ ದುಪ್ಪಟ್ಟಿನ ಗುಣಕಕ್ಕೆ ಒಂದು ಕೂಡಿಸಿದ್ದು. ಜೊತೆಗೆ ಅದನ್ನು 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಬರಬೇಕು. 23 ಕೊಡುವ ಶೇಷ 7, 89 ಕೊಡುವ ಶೇಷ 1.

ಈ ನಿಯಮವನ್ನು ನಮ್ಮ ದೊಡ್ಡ ಸಂಖ್ಯೆಗೆ ಹಚ್ಚಿದರೆ ಏನಾಗುತ್ತದೆ? 3, 5, 7, 11 ಅಂತ ಒಂದೊಂದಾಗಿ ಭಾಗಿಸಿ ನೋಡುವ ಗೊಡವೆಯೇ ಇಲ್ಲ. ಅದಕ್ಕೆ ಅಪವರ್ತನ ಇದ್ದಿದ್ದರೆ ಅತಿ ಚಿಕ್ಕದು ಕೂಡ 81 ಕೋಟಿ 76 ಲಕ್ಷಕ್ಕಿಂತ ಕೆಳಗೆ ಇರಲು ಸಾಧ್ಯವಿರಲಿಲ್ಲ. ಕಾಗದ, ಪೆನ್ನು ಹಿಡಿದು ಕೂತರೆ ಐದು ನಿಮಿಷದಲ್ಲಿ ತೀರ್ಮಾನಿಸಬಹುದಾದ ವಿಷಯ ಇದು. ನಾಲ್ಕು ಕೋಟಿ ಅಂಕಿಯ ಸಂಖ್ಯೆಯ ಬಗ್ಗೆ ಕೈಲೆಕ್ಕದಲ್ಲೇ ಇಷ್ಟು ಹೇಳಲು ಆಗುತ್ತದಲ್ಲ, ನನಗೆ ಈ ಸಂಖ್ಯೆಗಳ ಮೇಲೆ ಪ್ರೀತಿ ಹುಟ್ಟುವುದು ಅಲ್ಲೇ.

ಇನ್ನೂ ಒಂದಿಷ್ಟು ಕೈಲೆಕ್ಕ ಮಾಡಬಹುದು. ಎರಡರ ಘಾತಗಳ ಕೊನೆಯ ಅಂಕಿ 2, 4, 8, 6 ಅಂತ ಸುತ್ತುತ್ತಲೇ ಇರುತ್ತದೆ. 13,62,79,841 ಅನ್ನು 4ರಿಂದ ಭಾಗಿಸಿದರೆ ಶೇಷ 1. ಹಾಗಾಗಿ ಅಷ್ಟು ಎರಡುಗಳ ಗುಣಲಬ್ಧ 2ರಲ್ಲಿ ಕೊನೆಯಾಗುತ್ತದೆ. ಒಂದು ಕಳೆದರೆ ನಮ್ಮ ಸಂಖ್ಯೆಯ ಕೊನೆಯ ಅಂಕಿ 1. ಕೊನೆಯ ಎರಡು ಅಂಕಿ ಬೇಕೇ? ಅವು 20ಕ್ಕೊಮ್ಮೆ ಸುತ್ತುತ್ತವೆ. 20ರಿಂದ ಭಾಗಿಸಿದರೂ ಶೇಷ 1. 2²¹ ಅಂದರೆ 20,97,152, ಕೊನೆಗೆ 52 ಇದೆ. ಹಾಗಾಗಿ ನಮ್ಮ ಸಂಖ್ಯೆಯ ಕೊನೆಗೆ 51. ಮೊದಲ ಅಂಕಿಗಳಿಗೆ ಲಾಗರಿದಮ್ ಸಾಕು. 2ರ ಲಾಗರಿದಮ್ 0.30102999566 ಅನ್ನು ಘಾತದಿಂದ ಗುಣಿಸಿದರೆ 4,10,24,319.945 ಬರುತ್ತದೆ. ಪೂರ್ಣಾಂಕದ ಭಾಗಕ್ಕೆ ಒಂದು ಕೂಡಿಸಿದರೆ ಅಂಕಿಗಳ ಸಂಖ್ಯೆ ಸಿಕ್ಕಿತು. ದಶಾಂಶದ ಭಾಗ, ಸಂಖ್ಯೆ 88ರಿಂದ ಶುರುವಾಗುತ್ತದೆ ಅಂತ ಹೇಳುತ್ತದೆ. ತಲೆ, ಬಾಲ ಎರಡೂ ಸಿಕ್ಕವು. ನಡುವಿನದ್ದಕ್ಕೆ ಮಾತ್ರ ಕಂಪ್ಯೂಟರ್ ಬೇಕು.

ಭಾಗಿಸದೆ ಪರೀಕ್ಷಿಸುವುದು

ಅಪವರ್ತನ ಹುಡುಕಿ, ಸಿಗಲಿಲ್ಲ ಅಂದರೆ ಅವಿಭಾಜ್ಯ ಅನ್ನುವ ದಾರಿ ಇಲ್ಲಿ ನಡೆಯುವುದಿಲ್ಲ. ಸಂಖ್ಯೆಯ ವರ್ಗಮೂಲದವರೆಗೆ ಹುಡುಕಬೇಕು. ಆ ವರ್ಗಮೂಲದಲ್ಲೇ ಎರಡು ಕೋಟಿ ಅಂಕಿ ಇವೆ. ವಿಶ್ವದ ಆಯುಸ್ಸು ಸಾಲದು.

ಇದಕ್ಕೆ ದಾರಿ ತೋರಿಸಿದ್ದು ಫ್ರಾನ್ಸಿನ ಎಡ್ವರ್ಡ್ ಲ್ಯೂಕಾ. 1876ರಲ್ಲಿ ಅವನು 2¹²⁷ − 1 ಎಂಬ 39 ಅಂಕಿಯ ಸಂಖ್ಯೆ ಅವಿಭಾಜ್ಯ ಅಂತ ತೋರಿಸಿದ. ಕೈಲೆಕ್ಕದಲ್ಲಿ ಪರೀಕ್ಷಿಸಿದ ಆ ಸಂಖ್ಯೆಯ ದಾಖಲೆಯನ್ನು 1951ರವರೆಗೆ ಯಾರೂ ಮುರಿಯಲಿಲ್ಲ. 1930ರ ದಶಕದಲ್ಲಿ ಅಮೆರಿಕದ ಡೆರಿಕ್ ಹೆನ್ರಿ ಲೆಹ್ಮರ್ ಆ ವಿಧಾನವನ್ನು ಸರಳಗೊಳಿಸಿ, ಗಟ್ಟಿ ಪುರಾವೆಯ ಮೇಲೆ ನಿಲ್ಲಿಸಿದ. ಈಗ ಅದರ ಹೆಸರು ಲ್ಯೂಕಾ–ಲೆಹ್ಮರ್ ಪರೀಕ್ಷೆ. ಅದನ್ನು ಹೇಳಲು ನಾಲ್ಕು ಸಾಲು ಸಾಕು. 4ರಿಂದ ಶುರು ಮಾಡಿ. ವರ್ಗ ಮಾಡಿ. 2 ಕಳೆಯಿರಿ. ಪರೀಕ್ಷಿಸುತ್ತಿರುವ ಸಂಖ್ಯೆಯಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ. ಘಾತಕ್ಕಿಂತ ಎರಡು ಕಡಿಮೆ ಸಲ ಇದನ್ನೇ ಮಾಡಿ. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ. ಬೇರೆ ಏನು ಬಂದರೂ ಅಲ್ಲ.

ಸುಮ್ನೆ ನನ್ನ ಮಾತು ನಂಬಬೇಡಿ, 127ರ ಮೇಲೆ ಮಾಡಿ ನೋಡೋಣ. 127 ಅಂದರೆ 2⁷ − 1. ಘಾತ 7, ಆದ್ದರಿಂದ ಐದು ಸಲ. 4ರ ವರ್ಗ 16, ಎರಡು ಕಳೆದರೆ 14. 14ರ ವರ್ಗ 196, ಎರಡು ಕಳೆದರೆ 194, ಅದರಿಂದ 127 ತೆಗೆದರೆ 67. 67ರ ವರ್ಗದಿಂದ ಎರಡು ಕಳೆದರೆ 4487, ಶೇಷ 42. 42ರಿಂದ 1762, ಶೇಷ 111. 111ರ ವರ್ಗ 12321, ಎರಡು ಕಳೆದರೆ 12319. ಅದು ಸರಿಯಾಗಿ 127 × 97. ಶೇಷ ಸೊನ್ನೆ! 14, 67, 42, 111, ಆಮೇಲೆ ಸೊನ್ನೆ. ಮಧ್ಯದ ಶೇಷಗಳಲ್ಲಿ ಯಾವ ಕ್ರಮವೂ ಕಾಣುವುದಿಲ್ಲ. ಕೊನೆಯ ಹೆಜ್ಜೆಯವರೆಗೂ ಉತ್ತರದ ಸುಳಿವೇ ಇರುವುದಿಲ್ಲ. ನಮ್ಮ ದೊಡ್ಡ ಸಂಖ್ಯೆಗೂ ಇದೇ ಆಟ. ಹೆಜ್ಜೆಗಳು ಮಾತ್ರ 13,62,79,839. ಒಂದೊಂದು ಹೆಜ್ಜೆಯಲ್ಲೂ ಕೈಯಲ್ಲಿರುವುದು ನಾಲ್ಕು ಕೋಟಿ ಅಂಕಿಯ ಶೇಷ. ಎಲ್ಲಾದರೂ ಒಂದು ಅಂಕಿ ತಪ್ಪಿದರೂ ಉಳಿದದ್ದೆಲ್ಲ ವ್ಯರ್ಥ.

ಭಾಗಾಕಾರ ಕೂಡ ಇಲ್ಲಿ ಸುಲಭ, ಅದಕ್ಕೂ ಒಂದುಗಳ ಸಾಲೇ ಕಾರಣ. 194 ಅನ್ನು 31ರಿಂದ ಭಾಗಿಸಿದಾಗ ಬರುವ ಶೇಷ ಬೇಕು ಅಂದುಕೊಳ್ಳಿ. ದ್ವಿಮಾನದಲ್ಲಿ 194 ಅಂದರೆ 11000010. ಬಲದಿಂದ ಐದು ಅಂಕಿ ಕತ್ತರಿಸಿ: ಎಡಕ್ಕೆ 110, ಬಲಕ್ಕೆ 00010. ಅಂದರೆ 6 ಮತ್ತು 2. ಕೂಡಿಸಿದರೆ 8. ಅದೇ ಶೇಷ. ಭಾಗಾಕಾರ ಮಾಡಲೇ ಇಲ್ಲ, ಕತ್ತರಿಸಿ ಕೂಡಿಸಿದೆವು ಅಷ್ಟೇ. ಬೇರೆ ರೂಪದ ಸಂಖ್ಯೆಗೆ ಈ ಅನುಕೂಲ ಇಲ್ಲ. ದೊಡ್ಡ ಅವಿಭಾಜ್ಯಗಳ ದಾಖಲೆಯಲ್ಲಿ ಮತ್ತೆ ಮತ್ತೆ ಮರ್ಸೆನ್ ಸಂಖ್ಯೆಗಳೇ ಕಾಣಿಸುವುದು ಇದಕ್ಕೇ. ಮಿಕ್ಕ ಅವಿಭಾಜ್ಯಗಳು ಇಲ್ಲ ಅಂತಲ್ಲ. ಅವುಗಳ ಹತ್ತಿರ ಹೋಗುವ ದಾರಿ ನಮ್ಮ ಬಳಿ ಇಲ್ಲ.

ಇನ್ನು ಉಳಿದದ್ದು ವರ್ಗ ಮಾಡುವ ಕೆಲಸ. ಶಾಲೆಯಲ್ಲಿ ಕಲಿತ ರೀತಿಯಲ್ಲಿ ಗುಣಿಸಿದರೆ ನಾಲ್ಕು ಕೋಟಿ ಅಂಕಿಗಳಲ್ಲಿ ಪ್ರತಿಯೊಂದನ್ನೂ ಇನ್ನೊಂದು ಸಾಲಿನ ಪ್ರತಿಯೊಂದರಿಂದ ಗುಣಿಸಬೇಕು. ಒಂದು ಸೆಕೆಂಡಿಗೆ ಲಕ್ಷ ಕೋಟಿ ಸಣ್ಣ ಗುಣಾಕಾರ ಮಾಡುವ ಯಂತ್ರ ಇದೆ ಅಂತಿಟ್ಟುಕೊಂಡರೂ ಪೂರ್ತಿ ಪರೀಕ್ಷೆಗೆ ಏಳು ಸಾವಿರ ವರ್ಷ ದಾಟುತ್ತದೆ. ಇದನ್ನು ತಪ್ಪಿಸುವ ಉಪಾಯ ಬಂದಿದ್ದು ಅಲೆಗಳ ಗಣಿತದಿಂದ. ಅಂಕಿಗಳ ಸಾಲನ್ನು ಒಂದು ಸದ್ದಿನ ಅಲೆ ಅಂತ ಭಾವಿಸಿ ಅದನ್ನು ಆವರ್ತನಗಳಾಗಿ ಬಿಡಿಸುತ್ತಾರೆ. ಆ ರೂಪದಲ್ಲಿ ಗುಣಾಕಾರ ಅಂದರೆ ಆಯಾ ಜಾಗದ್ದನ್ನು ಆಯಾ ಜಾಗದ್ದರಿಂದ ಗುಣಿಸುವುದಷ್ಟೇ. ಆಮೇಲೆ ಮತ್ತೆ ಅಂಕಿಗಳಾಗಿ ತಿರುಗಿಸುತ್ತಾರೆ. ಇದನ್ನು ಫಾಸ್ಟ್ ಫೂರಿಯೇ ಟ್ರಾನ್ಸ್‌ಫಾರ್ಮ್ ಅನ್ನುತ್ತಾರೆ. ನಮ್ಮ ಫೋನುಗಳಲ್ಲಿ ಹಾಡು, ಫೋಟೋ ಕುಗ್ಗಿಸಿ ಇಡುವುದರ ಹಿಂದೆ ಇರುವುದೂ ಇದೇ ಜಾತಿಯ ಗಣಿತ. ಸಾವಿರಾರು ವರ್ಷದ ಕೆಲಸ ಹೀಗೆ ದಿನಗಳ ಲೆಕ್ಕಕ್ಕೆ ಇಳಿಯುತ್ತದೆ.

ಯಂತ್ರವನ್ನು ನಂಬುವುದು ಹೇಗೆ?

ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಮುಖ್ಯ ಅನ್ನಿಸುವುದು ಈ ಭಾಗ. 13 ಕೋಟಿಗೂ ಹೆಚ್ಚು ಹೆಜ್ಜೆಗಳಲ್ಲಿ ಒಂದೇ ಒಂದು ಬಿಟ್, ಅಂದರೆ ಒಂದು ಸೊನ್ನೆ ಅಥವಾ ಒಂದು, ತಿರುಗಿದರೂ ಉತ್ತರ ಹಾಳು. ಬಿಸಿಯಾದ ಚಿಪ್, ಕೆಟ್ಟ ಮೆಮೊರಿ, ದಶಾಂಶ ಲೆಕ್ಕದಲ್ಲಿ ಸರಿಯಾಗಿ ಪೂರ್ಣಾಂಕಕ್ಕೆ ಬಾರದ ಒಂದು ಉತ್ತರ, ಯಾವುದು ಬೇಕಾದರೂ ಕಾರಣವಾಗಬಹುದು. ಭಯ ಒಂದೇ ರೀತಿಯದ್ದಲ್ಲ. ಅವಿಭಾಜ್ಯವಲ್ಲದ್ದನ್ನು ಅವಿಭಾಜ್ಯ ಅಂದುಬಿಡುವುದು ಕಷ್ಟ, ಯಾಕೆಂದರೆ ತಪ್ಪಿದ ಲೆಕ್ಕ ಕೊನೆಗೆ ಸರಿಯಾಗಿ ಸೊನ್ನೆಗೆ ಬಂದು ನಿಲ್ಲುವ ಸಾಧ್ಯತೆ ಇಲ್ಲವೆಂಬಷ್ಟು ಕಡಿಮೆ. ಆದರೆ ನಿಜವಾದ ಅವಿಭಾಜ್ಯವೇ ಕೈಗೆ ಬಂದಿದ್ದರೂ ತಪ್ಪು ಶೇಷ ಬಂದು, ಅದು ಅಲ್ಲ ಅಂತ ಬದಿಗೆ ಸರಿಸಿಬಿಡುವ ಅಪಾಯ ದೊಡ್ಡದು.

ಈ ಹುಡುಕಾಟ ನಡೆಸುತ್ತಿರುವುದು ಗಿಂಪ್ಸ್ ಎಂಬ ಸ್ವಯಂಸೇವಕರ ಗುಂಪು. ಜಾರ್ಜ್ ವೋಲ್ಟ್‌ಮನ್ 1996ರಲ್ಲಿ ಇದನ್ನು ಶುರು ಮಾಡಿದರು. ಯಾರು ಬೇಕಾದರೂ ತಮ್ಮ ಕಂಪ್ಯೂಟರಿನಲ್ಲಿ ಅವರ ತಂತ್ರಾಂಶ ಹಾಕಿಕೊಂಡು ಒಂದೊಂದು ಘಾತವನ್ನು ಪರೀಕ್ಷಿಸಬಹುದು. ಬಹಳ ವರ್ಷ ಇವರ ಕ್ರಮ ಸರಳವಾಗಿತ್ತು: ಒಂದು ಘಾತವನ್ನು ಇಬ್ಬರು ಬೇರೆ ಬೇರೆಯಾಗಿ ಪೂರ್ತಿ ಲೆಕ್ಕ ಹಾಕುವುದು, ಕೊನೆಯ ಶೇಷ ತಾಳೆಯಾದರೆ ಒಪ್ಪುವುದು. ಅಂದರೆ ಕೆಲಸದ ಅರ್ಧ ಪಾಲು ಬರೀ ತಾಳೆ ನೋಡುವುದಕ್ಕೇ ಹೋಗುತ್ತಿತ್ತು.

ಇತ್ತೀಚಿನ ವರ್ಷಗಳಲ್ಲಿ ಇದು ಬದಲಾಯಿತು. ಈಗ ಮೊದಲ ಸುತ್ತಿಗೆ ಫರ್ಮಾ ಪರೀಕ್ಷೆ ಬಳಸುತ್ತಾರೆ. ಅವಿಭಾಜ್ಯ ಸಂಖ್ಯೆಗಿಂತ ಒಂದು ಕಡಿಮೆ ಇರುವ ಘಾತಕ್ಕೆ 3ನ್ನು ಏರಿಸಿ, ಆ ಸಂಖ್ಯೆಯಿಂದಲೇ ಭಾಗಿಸಿದರೆ ಶೇಷ 1 ಬರಲೇಬೇಕು. (ಯಾಕೆ 3, ಯಾಕೆ 2 ಅಲ್ಲ? ಘಾತ ಅವಿಭಾಜ್ಯವಾಗಿರುವ ಮರ್ಸೆನ್ ಸಂಖ್ಯೆಗಳೆಲ್ಲ 2ರ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತವೆ, 2047 ಕೂಡ. ಅಲ್ಲಿ 2 ಏನನ್ನೂ ಹೇಳುವುದಿಲ್ಲ.) ಈ ಪರೀಕ್ಷೆ ಪಾಸಾದರೆ ಸಂಖ್ಯೆ 'ಬಹುಶಃ ಅವಿಭಾಜ್ಯ', ಪೂರ್ತಿ ಸಾಬೀತು ಅಲ್ಲ. ಆದರೆ ಇದರಲ್ಲಿ ದೊಡ್ಡ ಲಾಭ ಇದೆ. ರಾಬರ್ಟ್ ಗೆರ್ಬಿಕ್ಜ್ 2017ರಲ್ಲಿ ಕೊಟ್ಟ ಒಂದು ಉಪಾಯದಿಂದ ಲೆಕ್ಕ ನಡೆಯುತ್ತಿರುವಾಗಲೇ ತಪ್ಪು ಹಿಡಿಯಬಹುದು, ಸರಿಯಿದ್ದ ಜಾಗಕ್ಕೆ ಹಿಂದೆ ಹೋಗಿ ಮುಂದುವರಿಸಬಹುದು. ಇನ್ನೊಂದು, ಕ್ರಿಷ್ಟೋಫ್ ಪೀಟ್ರ್‌ಝಾಕ್ ಅವರ ಕೆಲಸದಿಂದ ಬಂದ ಪ್ರಮಾಣಪತ್ರದ ವಿಧಾನ. ಲೆಕ್ಕ ಹಾಕಿದ ಯಂತ್ರ ನಡುನಡುವಿನ ಕೆಲವು ಶೇಷಗಳಿಂದ ಒಂದು ಪುಟ್ಟ ಕಡತ ಮಾಡಿ ಕಳಿಸುತ್ತದೆ. ಬೇರೆಯವರು ಮೂಲ ಶ್ರಮದ ನೂರನೇ ಒಂದು ಪಾಲಿಗಿಂತ ಕಡಿಮೆಯಲ್ಲಿ ಅದನ್ನು ಪರಿಶೀಲಿಸಿ, ಇವರು ನಿಜವಾಗಿ ಲೆಕ್ಕ ಮಾಡಿದ್ದಾರೆ, ಸರಿಯಾಗಿಯೇ ಮಾಡಿದ್ದಾರೆ ಅಂತ ಹೇಳಬಹುದು. ಎರಡನೇ ಸಲ ಪೂರ್ತಿ ಲೆಕ್ಕ ಹಾಕುವ ಕಾಟ ತಪ್ಪಿತು. ಹೊಸ ದಾಖಲೆಯ ಅಂಕಿಗಳ ಸಂಖ್ಯೆಗಿಂತ ಇದೇ ನನಗೆ ದೊಡ್ಡ ಸುದ್ದಿ.

ಹೊಸ ಸಂಖ್ಯೆ ಸಿಕ್ಕ ರೀತಿಯೂ ಹೀಗೇ. ಕ್ಯಾಲಿಫೋರ್ನಿಯಾದ ಲ್ಯೂಕ್ ಡ್ಯುರಾಂಟ್, ಹಿಂದೆ ಎನ್ವಿಡಿಯಾ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದವರು. 17 ದೇಶಗಳಲ್ಲಿ ಹರಡಿದ್ದ ಕ್ಲೌಡ್ ಜಿಪಿಯುಗಳನ್ನು (ಒಟ್ಟೊಟ್ಟಿಗೆ ಸಾವಿರಾರು ಲೆಕ್ಕ ಮಾಡುವ ಚಿಪ್‌ಗಳು) ಬಾಡಿಗೆಗೆ ಹಿಡಿದು ಹುಡುಕಾಟಕ್ಕೆ ಹಚ್ಚಿದರು. ಅವುಗಳಲ್ಲಿ ಓಡಿದ್ದು ಮಿಹಾಯ್ ಪ್ರೆಡಾ 2017ರಲ್ಲಿ ಬರೆಯಲು ಶುರು ಮಾಡಿದ ತಂತ್ರಾಂಶ. 2024ರ ಅಕ್ಟೋಬರ್ 11ರಂದು ಡಬ್ಲಿನ್‌ನಲ್ಲಿದ್ದ ಒಂದು ಎ100 ಚಿಪ್ 'ಬಹುಶಃ ಅವಿಭಾಜ್ಯ' ಅಂತ ವರದಿ ಕೊಟ್ಟಿತು. ಮರುದಿನ ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದಲ್ಲಿದ್ದ ಎಚ್100 ಚಿಪ್ ಲ್ಯೂಕಾ–ಲೆಹ್ಮರ್ ಪರೀಕ್ಷೆ ಮುಗಿಸಿ ಖಚಿತಪಡಿಸಿತು. ಅಷ್ಟಕ್ಕೇ ಬಿಡದೆ ಬೇರೆ ಬೇರೆ ಯಂತ್ರಗಳಲ್ಲಿ, ಬೇರೆ ಬೇರೆ ತಂತ್ರಾಂಶಗಳಲ್ಲಿ ಮತ್ತೆ ಲೆಕ್ಕ ಹಾಕಿ ನೋಡಿದ ಮೇಲೇ ಅಕ್ಟೋಬರ್ 21ರಂದು ಪ್ರಕಟಣೆ ಹೊರಟಿದ್ದು.

ಇದಕ್ಕೂ ಮೊದಲಿನ 28 ವರ್ಷಗಳಲ್ಲಿ ಗಿಂಪ್ಸ್‌ಗೆ ಸಿಕ್ಕ ಎಲ್ಲ ಮರ್ಸೆನ್ ಅವಿಭಾಜ್ಯಗಳೂ ಸಾಮಾನ್ಯ ಕಂಪ್ಯೂಟರುಗಳಲ್ಲೇ ಸಿಕ್ಕಿದ್ದವು. ಈಗ ಆ ಕಾಲ ಮುಗಿಯಿತು. ಕೃತಕ ಬುದ್ಧಿಮತ್ತೆಗೆ ಅಂತ ಮಾಡಿದ ಚಿಪ್‌ಗಳು ಇಲ್ಲಿಗೂ ಬಂದವು. ಇದರಲ್ಲಿ ಒಳ್ಳೆಯದೂ ಇದೆ, ಬೇಸರದ್ದೂ ಇದೆ. ಹಳೆಯ ಕಂಪ್ಯೂಟರ್ ಇಟ್ಟುಕೊಂಡು ತಿಂಗಳುಗಟ್ಟಲೆ ಒಂದು ಘಾತ ಓಡಿಸುವವರಿಗೆ ದಾಖಲೆ ಸಿಗುವ ಅವಕಾಶ ಕಡಿಮೆಯಾಯಿತು. ಆದರೆ ಪ್ರಮಾಣಪತ್ರ ಪರಿಶೀಲಿಸುವ ಕೆಲಸವನ್ನು ಆ ಹಳೆಯ ಕಂಪ್ಯೂಟರೇ ಆರಾಮವಾಗಿ ಮಾಡಬಲ್ಲದು. ದುಡ್ಡಿರುವವರು ಲೆಕ್ಕ ಹಾಕಲಿ, ಯಾರು ಬೇಕಾದರೂ ತಾಳೆ ನೋಡಲಿ ಅನ್ನುವ ವ್ಯವಸ್ಥೆ ಇದು. ನನ್ನ ಮಟ್ಟಿಗೆ ಇದು ನ್ಯಾಯವಾದ ವ್ಯವಸ್ಥೆ.

ಯಂತ್ರ ಸರಿಯಾಗಿ ಹೇಳಿದರೂ ಮನುಷ್ಯರಿಗೆ ತಲುಪದ ಪ್ರಸಂಗವೂ ಒಂದಿದೆ. 2⁷⁴²⁰⁷²⁸¹ − 1 ಅವಿಭಾಜ್ಯ ಅಂತ ಒಂದು ಕಂಪ್ಯೂಟರ್ 2015ರ ಸೆಪ್ಟೆಂಬರ್‌ನಲ್ಲೇ ಸರ್ವರ್‌ಗೆ ತಿಳಿಸಿತ್ತು. ಒಂದು ದೋಷದಿಂದ ಇಮೇಲ್ ಹೋಗಲಿಲ್ಲ. 2016ರ ಜನವರಿಯಲ್ಲಿ ಮಾಮೂಲಿ ನಿರ್ವಹಣೆ ಮಾಡುವಾಗ ಅದು ಕಣ್ಣಿಗೆ ಬಿತ್ತು. ಆ ಕಾಲಕ್ಕೆ ಜಗತ್ತಿನ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ ತಿಂಗಳುಗಳ ಕಾಲ ಒಂದು ಪಟ್ಟಿಯಲ್ಲಿ ಯಾರೂ ನೋಡದೆ ಕೂತಿತ್ತು.

ಇದರಿಂದ ಏನು ಉಪಯೋಗ?

ಗುಪ್ತ ಸಂದೇಶದ ಮಾತಿಗೆ ಬರೋಣ. ಆರ್‌ಎಸ್‌ಎ ಎಂಬ ಪದ್ಧತಿಯಲ್ಲಿ ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸಿ, ಗುಣಲಬ್ಧವನ್ನು ಎಲ್ಲರಿಗೂ ಕೊಟ್ಟು, ಆ ಎರಡನ್ನು ಗುಟ್ಟಾಗಿ ಇಡುತ್ತಾರೆ. ಸಾಮಾನ್ಯವಾಗಿ ಬಳಸುವ ಅವಿಭಾಜ್ಯಗಳಲ್ಲಿ 300ರ ಆಸುಪಾಸಿನ ಅಂಕಿಗಳಿರುತ್ತವೆ. ಅಂಥವನ್ನು ಫೋನ್ ಕೂಡ ಕ್ಷಣದಲ್ಲಿ ಹುಡುಕಿಕೊಳ್ಳುತ್ತದೆ. ಅಲ್ಲಿ ಬೇಕಾದ್ದು ಯಾರಿಗೂ ಗೊತ್ತಿಲ್ಲದ ಅವಿಭಾಜ್ಯ. ಜಗತ್ತಿಗೆಲ್ಲ ಸಾರಿದ ಅವಿಭಾಜ್ಯದಿಂದ ಯಾವ ಗುಟ್ಟೂ ಉಳಿಯುವುದಿಲ್ಲ. ಹಾಗಾಗಿ ನಾಲ್ಕು ಕೋಟಿ ಅಂಕಿಯ ಈ ಸಂಖ್ಯೆಯಿಂದ ಯಾರ ಖಾತೆಯೂ ಹೆಚ್ಚು ಭದ್ರವಾಗಲಿಲ್ಲ. ಇದನ್ನು ನೇರವಾಗಿ ಹೇಳಬೇಕು. ಇಲ್ಲದ ಉಪಯೋಗ ಹೇಳಿ ಗಣಿತವನ್ನು ಸಮರ್ಥಿಸುವ ಅಗತ್ಯ ಇಲ್ಲ.

ಆದರೆ ಚಿಕ್ಕ ಮರ್ಸೆನ್ ಅವಿಭಾಜ್ಯಗಳು ನಿಜವಾಗಿಯೂ ದುಡಿಯುತ್ತಿವೆ, ಅದೂ ಆ ಕತ್ತರಿಸಿ ಕೂಡಿಸುವ ಗುಣದಿಂದಲೇ. 2⁵²¹ − 1 ಅನ್ನು 1952ರಲ್ಲಿ ರಾಫೆಲ್ ರಾಬಿನ್ಸನ್ ಅವರ ಪ್ರೋಗ್ರಾಂ ಕಂಡುಹಿಡಿದಾಗ ಯಾರಿಗೂ ಅದರ ಕೆಲಸ ಏನು ಅಂತ ಗೊತ್ತಿರಲಿಲ್ಲ. ಇವತ್ತು ಪಿ-521 ಎಂಬ ಗುಪ್ತಲಿಪಿಯ ವಕ್ರರೇಖೆ ಅದರ ಮೇಲೆ ನಿಂತಿದೆ. ಪೈಥಾನ್ ಭಾಷೆ 64 ಬಿಟ್ ಯಂತ್ರಗಳಲ್ಲಿ ಸಂಖ್ಯೆಗಳ ಹ್ಯಾಶ್ (ಬೇಗ ಹುಡುಕಲು ನೆರವಾಗುವ ಗುರುತಿನ ಸಂಖ್ಯೆ) ಲೆಕ್ಕ ಹಾಕುವಾಗ 2⁶¹ − 1 ಬಳಸುತ್ತದೆ. ಮರ್ಸೆನ್ ಪಟ್ಟಿಯಲ್ಲಿ ಬಿಟ್ಟುಹೋಗಿದ್ದ ಅದೇ 61. ಎಲ್ಲೆಡೆ ಬಳಕೆಯಲ್ಲಿರುವ ಮರ್ಸೆನ್ ಟ್ವಿಸ್ಟರ್ ಎಂಬ ಯಾದೃಚ್ಛಿಕ ಸಂಖ್ಯೆಗಳ ವಿಧಾನ 2¹⁹⁹³⁷ − 1 ಹೆಜ್ಜೆಗಳ ನಂತರವಷ್ಟೇ ಮೊದಲಿನಿಂದ ಶುರುವಾಗುತ್ತದೆ. ಆಯ್ಲರ್ 1772ರಲ್ಲಿ ಅವಿಭಾಜ್ಯ ಅಂತ ತೋರಿಸಿದ 2³¹ − 1 ಈಗ ಗುಪ್ತಲಿಪಿಯ ಹೊಸ ಬಗೆಯ ಪುರಾವೆಗಳಲ್ಲಿ ಮತ್ತೆ ಬೇಡಿಕೆ ಪಡೆದಿದೆ.

ಹುಡುಕುವ ಕೆಲಸದಿಂದಲೂ ಲಾಭ ಆಗಿದೆ. ಇಂಥ ಲೆಕ್ಕ ಚಿಪ್‌ನ ಮೂಲೆಮೂಲೆಯನ್ನೂ ದುಡಿಸುತ್ತದೆ. 2016ರಲ್ಲಿ ಇಂಟೆಲ್‌ನ ಸ್ಕೈಲೇಕ್ ಚಿಪ್‌ಗಳಲ್ಲಿದ್ದ ಒಂದು ದೋಷ ಬೆಳಕಿಗೆ ಬಂದಿದ್ದು ಗಿಂಪ್ಸ್ ತಂತ್ರಾಂಶ ಓಡಿಸುವಾಗ ಯಂತ್ರ ನಿಂತುಹೋಗಿದ್ದರಿಂದ.

ಹಳೆಯ ಗಣಿತದ ಒಂದು ನಂಟೂ ಇದೆ. 6 ತನ್ನ ಅಪವರ್ತನಗಳಾದ 1, 2, 3ರ ಮೊತ್ತಕ್ಕೆ ಸಮ. 28 ಕೂಡ ಹಾಗೇ. ಇವು ಪರಿಪೂರ್ಣ ಸಂಖ್ಯೆಗಳು. ಪ್ರತಿ ಮರ್ಸೆನ್ ಅವಿಭಾಜ್ಯದಿಂದ ಒಂದು ಪರಿಪೂರ್ಣ ಸಂಖ್ಯೆ ಸಿಗುತ್ತದೆ ಅಂತ ಯೂಕ್ಲಿಡ್ ಹೇಳಿದ. ಸಮಸಂಖ್ಯೆಗಳಲ್ಲಿ ಬೇರೆ ಯಾವುದೂ ಇಲ್ಲ ಅಂತ ಆಯ್ಲರ್ ತೋರಿಸಿದ. ಹೊಸ ಅವಿಭಾಜ್ಯದ ಜೊತೆ 8,20,48,640 ಅಂಕಿಯ ಪರಿಪೂರ್ಣ ಸಂಖ್ಯೆಯೂ ಬಂತು. ಬೆಸ ಪರಿಪೂರ್ಣ ಸಂಖ್ಯೆ ಇದೆಯೋ ಇಲ್ಲವೋ, ಯಾರೂ ಇದುವರೆಗೆ ತೀರ್ಮಾನಿಸಿಲ್ಲ. ಮರ್ಸೆನ್ ಅವಿಭಾಜ್ಯಗಳಿಗೆ ಕೊನೆ ಇದೆಯೋ ಇಲ್ಲವೋ, ಅದೂ ಹಾಗೇ ಉಳಿದಿದೆ.

ಒಂದು ಅಂದಾಜು ಮಾತ್ರ ಇದೆ. ಲೆನ್‌ಸ್ಟ್ರಾ, ಪೊಮರೆನ್ಸ್, ವ್ಯಾಗ್‌ಸ್ಟಾಫ್ ಎಂಬ ಮೂವರ ಹೆಸರಿನದ್ದು. ಘಾತದ ಮಿತಿ ಎರಡು ಪಟ್ಟಾದಾಗಲೆಲ್ಲ ಸರಾಸರಿ 1.78 ಹೊಸ ಮರ್ಸೆನ್ ಅವಿಭಾಜ್ಯ ಸಿಗಬೇಕು ಅನ್ನುತ್ತದೆ ಅದು. ಆ ಲೆಕ್ಕದಲ್ಲಿ 13 ಕೋಟಿ 63 ಲಕ್ಷದವರೆಗೆ ಸುಮಾರು 48 ಇರಬೇಕು. ಈ ಸಂಖ್ಯೆ ಸೇರಿ ಗೊತ್ತಿರುವುದು 52. ಪುರಾವೆ ಇಲ್ಲದ ಅಂದಾಜಿಗೆ ಇದು ಬಹಳ ಒಳ್ಳೆಯ ಹೊಂದಾಣಿಕೆ. ಮುಂದಿನ ಗುರಿ ಹತ್ತು ಕೋಟಿ ಅಂಕಿ. ಅಷ್ಟು ಅಂಕಿಯ ಮೊದಲ ಅವಿಭಾಜ್ಯಕ್ಕೆ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ 1,50,000 ಡಾಲರ್ ಬಹುಮಾನ ಇಟ್ಟಿದೆ. ಅದಕ್ಕೆ ಘಾತ 33 ಕೋಟಿ 21 ಲಕ್ಷ ದಾಟಬೇಕು.

52 ಅಂದಾಗ ಒಂದು ಎಚ್ಚರ ಬೇಕು. ಇದು ಸಿಕ್ಕವುಗಳಲ್ಲಿ 52ನೆಯದು. ಗಾತ್ರದ ಸಾಲಿನಲ್ಲೂ 52ನೆಯದೇ ಅಂತ ಯಾರೂ ಹೇಳಿಲ್ಲ. ಪ್ರಕಟಣೆ ಬಂದಾಗ ಇದಕ್ಕಿಂತ ಚಿಕ್ಕ ಘಾತಗಳಲ್ಲಿ ಪರೀಕ್ಷೆ ಆಗಬೇಕಾದವು, ತಾಳೆ ನೋಡಬೇಕಾದವು ಇನ್ನೂ ಬಹಳ ಇದ್ದವು. ಹಿಂದೆ ಹೀಗಾಗಿದೆ ಕೂಡ. 2008ರ ಆಗಸ್ಟ್ 23ರಂದು 2⁴³¹¹²⁶⁰⁹ − 1 ಸಿಕ್ಕಾಗ ಅದು 45ನೆಯದು. ಒಂದು ಕೋಟಿ ಅಂಕಿ ದಾಟಿದ ಮೊದಲ ಅವಿಭಾಜ್ಯ ಅಂತ ಅದಕ್ಕೆ ಒಂದು ಲಕ್ಷ ಡಾಲರ್ ಬಹುಮಾನವೂ ಬಂತು. ಎರಡೇ ವಾರದಲ್ಲಿ, ಸೆಪ್ಟೆಂಬರ್ 6ರಂದು, ಅದಕ್ಕಿಂತ ಚಿಕ್ಕದಾದ 2³⁷¹⁵⁶⁶⁶⁷ − 1 ಸಿಕ್ಕಿತು. 2009ರಲ್ಲಿ 2⁴²⁶⁴³⁸⁰¹ − 1 ಸಿಕ್ಕಿತು. 45ನೆಯದಾಗಿದ್ದದ್ದು ಈಗ ಪಟ್ಟಿಯಲ್ಲಿ 47ನೆಯದು.